ಅಲಗು ಅಲ್ಲಿಂದ, ಹಿಡಿ ಇಲ್ಲಿಂದ

(ಕೊಡಗಿನ ಗಾಳಿಬೀಡು, ಆಗಸ್ಟ್ ಕೊನೆ. ಹೊರಗೆ ಬಿಡದ ಮಳೆ, ಒಳಗೆ ಗೆರಟೆ ಇದ್ದಿಲಿನ ಬೆಂಕಿ. ಕುಲುಮೆ ಮಾವನದು. ಮಾತು ತೆಗೆಯುವವಳು ಅವರ ಅಕ್ಕನ ಮಗಳು, ಸುರತ್ಕಲ್ಲಿನಲ್ಲಿ ಲೋಹಶಾಸ್ತ್ರ ಓದಿದವಳು.)

— ಮಾವ, ಕೈಲ್ ಮುಹೂರ್ತ ಮುಗಿದ ಮೇಲೆ ಒಂದು ಖಡ್ಗ ಮಾಡಬೇಕು. ವೈಕಿಂಗ್ ಖಡ್ಗ, ಹಿಡಿಗೆ ಬೆಳ್ಳಿ ಕೂರಿಸಿದ್ದು. ನನ್ನ ಜೊತೆ ಓದಿದವನೊಬ್ಬ ಬೆಂಗಳೂರಲ್ಲಿದ್ದಾನೆ, ಅವನಿಗೆ ಬೇಕಂತೆ. ದುಡ್ಡು ಕೊಡುತ್ತಾನೆ.

— ಗೋಡೆಗೆ ತೂಗುಹಾಕಲಿಕ್ಕಾ? ಹಾಗಾದರೆ ಅಂಗಡಿಯಲ್ಲಿ ತಗಡಿನದ್ದು ಸಿಗುತ್ತದಲ್ಲ.

— ತಗಡಿನದ್ದು ಬೇಡವಂತೆ. ಕಾಸಿ ತಟ್ಟಿದ್ದೇ ಆಗಬೇಕಂತೆ.

— ಆ ಮೂಲೆ ನೋಡು ಮೊದಲು. ಒಡಿಕತ್ತಿ ರಾಶಿ ಬಿದ್ದಿದೆ. ಒಂದರ ಹಿಡಿ ಅಲ್ಲಾಡುತ್ತದೆ, ಒಂದಕ್ಕೆ ಬಾಯೇ ಇಲ್ಲ, ಇನ್ನೊಂದು ತುಕ್ಕು ಹಿಡಿದು ಯಾವ ಕಾಲದ್ದೋ ಆಗಿದೆ. ವರ್ಷವಿಡೀ ಅಟ್ಟದ ಮೇಲೆ ಮರೆತು, ಕೈಲ್ ಮುಹೂರ್ತದ ಸೆಪ್ಟೆಂಬರ್ 3 ಹತ್ತಿರ ಬಂದಾಗ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ. ಗಂಧದ ಬೊಟ್ಟಿಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆಗಿಡಬೇಕಲ್ಲ, ಆಗ ಮಾವನ ಕುಲುಮೆ ಬೇಕು. ಇದರ ನಡುವೆ ನಿನ್ನ ವೈಕಿಂಗ್.

— ಅದಕ್ಕೇ ಮುಹೂರ್ತ ಕಳೆದ ಮೇಲೆ ಅಂದದ್ದು.

— ಕಾನೂನು ಏನು ಹೇಳುತ್ತದೆ ಅಂತ ನೋಡಿದ್ದೀಯಾ? ಕೊಡಗಿನವರಿಗೆ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ ಅಂತ ಬೇರೆ ಊರಿನವರು ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ. ಇಲ್ಲಿ ಏನು ಬೇಕಾದರೂ ಮಾಡಬಹುದು ಅಂದುಕೊಂಡಿದ್ದಾರೆ.

— ನೋಡಿದ್ದೇನೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದದ್ದು, ಈಗ 2029ರ ಅಕ್ಟೋಬರ್ ಕೊನೆಯವರೆಗೆ ಇದೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಬೆಂಗಳೂರಿನ ಗೋಡೆಗೆ ಅದು ಹೊಂದುವುದಿಲ್ಲ. ಆಯುಧ ಕಾಯ್ದೆಯ ನಿಯಮಗಳ ಪ್ರಕಾರ ಚಾಕುವಿನ ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇದ್ದರೆ ಆಯುಧ. ಮನೆಗೆ, ಕೃಷಿಗೆ ಮಾಡಿದ್ದಾದರೆ ಅಲ್ಲ. ಖಡ್ಗ ಮಾತ್ರ ಹೇಗಿದ್ದರೂ ಆಯುಧವೇ.

— ಅಷ್ಟು ಗೊತ್ತಿದ್ದರೆ ಸರಿ. ಡಿ.ಸಿ. ಆಫೀಸಿನಲ್ಲಿ ಕೇಳಿ, ಬರೆದದ್ದೊಂದು ಕಾಗದ ಕೈಗೆ ಬರಲಿ. ಕಾಗದ ಬಂದರೂ ನಾನು ಬಾಯಿ ಹಿಡಿಯುವುದಿಲ್ಲ, ಮೊಂಡಾಗಿಯೇ ಕೊಡುತ್ತೇನೆ. ಈಗ ಹೇಳು, ಎಷ್ಟು ಉದ್ದ, ಎಷ್ಟು ತೂಕ?

— ಅಲಗು ಎಪ್ಪತ್ತೈದು ಸೆಂಟಿಮೀಟರ್. ಹಿಡಿ ಸೇರಿ ಒಂದೂಕಾಲು ಕಿಲೋ ದಾಟಬಾರದು.

— ಅಷ್ಟೇನಾ? ಸಿನಿಮಾದಲ್ಲಿ ಎರಡು ಕೈಯಲ್ಲಿ ಎತ್ತಲಾರದೆ ಎತ್ತುತ್ತಾರೆ.

— ಸಿನಿಮಾದವರಿಗೆ ತೂಕ ಕಾಣಿಸಬೇಕು. ಗುರಾಣಿ ಒಂದು ಕೈಯಲ್ಲಿ, ಖಡ್ಗ ಒಂದು ಕೈಯಲ್ಲಿ ಹಿಡಿದು ನಿಂತವನಿಗೆ ಭಾರದ್ದು ಎಂತಕ್ಕೆ? ಅಗೆದು ತೆಗೆದ ಹಳೆಯ ಖಡ್ಗಗಳೂ ಹೆಚ್ಚಿನವು ಒಂದು ಕಿಲೋದ ಆಸುಪಾಸಿನಲ್ಲೇ ಇವೆ. ಅಲಗಿನ ನಡುವೆ ಉದ್ದಕ್ಕೂ ಒಂದು ಅಗಲವಾದ ತಗ್ಗು ಇರುತ್ತದೆ. ರಕ್ತ ಹರಿದುಹೋಗಲಿಕ್ಕೆ ಅಂತ ಕಥೆ ಕಟ್ಟುತ್ತಾರೆ, ಸುಳ್ಳು. ಕಬ್ಬಿಣ ಕಡಿಮೆಯಾಗಿ ತೂಕ ಇಳಿಯಬೇಕು, ಆದರೆ ಅಲಗು ಬಾಗಬಾರದು. ಅದಕ್ಕೆ ಆ ತಗ್ಗು.

— ಒಡಿಕತ್ತಿಯಲ್ಲಿ ಲೆಕ್ಕ ಪೂರ್ತಿ ಉಲ್ಟಾ. ತೂಕ ಮುಂದಕ್ಕೇ ಬೇಕು, ಬಾಯಿ ಒಳಬಾಗಿನಲ್ಲಿ. ತೋಳು ಬೀಸಿದರೆ ಸಾಕು, ಉಳಿದದ್ದು ಅದರ ಹೊಟ್ಟೆಯೇ ನೋಡಿಕೊಳ್ಳುತ್ತದೆ. ಮದುವೆಯಲ್ಲಿ ಬಾಳೆ ಕಡಿಯುವಾಗ ನೋಡಿದ್ದೀಯಲ್ಲ, ಹೊಸಬ ಬಲ ಹಾಕುತ್ತಾನೆ, ದಿಂಡಿನ ಅರ್ಧಕ್ಕೆ ಸಿಕ್ಕಿಬೀಳುತ್ತದೆ. ತಿಳಿದವ ಕೈ ಸಡಿಲ ಬಿಡುತ್ತಾನೆ, ತುಂಡು ಕೆಳಗಿರುತ್ತದೆ. ನಿನ್ನ ಖಡ್ಗ ನೇರ, ಎರಡೂ ಕಡೆ ಬಾಯಿ. ಅಂಥದ್ದು ನನ್ನ ಕೈಗೆ ಅಭ್ಯಾಸ ಇಲ್ಲ.

— ಕಷ್ಟ ಎಲ್ಲಿ?

— ಹದ ಹಾಕುವಾಗ. ಒಂದೇ ಕಡೆ ಬಾಯಿ ಇದ್ದರೆ ಎತ್ತ ಸೊಟ್ಟಗಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಎರಡು ಕಡೆ ಇದ್ದರೆ, ಒಂದು ಬದಿ ಒಂದು ಚೂರು ಹೆಚ್ಚು ಕಾದರೂ ಸಾಕು, ಎಣ್ಣೆಗೆ ಇಳಿಸಿದ ಕೂಡಲೇ ಓರೆಯಾಗಿ ಕೂರುತ್ತದೆ. ಇರಲಿ, ಅದು ಆಮೇಲಿನ ಮಾತು. ಯಾವ ಕಬ್ಬಿಣ? ಹೊರಗೆ ಜೀಪಿನ ಪಟ್ಟೆ ಇದೆ. ಮಾಂದಲಪಟ್ಟಿ ರಸ್ತೆಯಲ್ಲಿ ಜೀಪು ಓಡಿಸುವವರು ಮುರಿದದ್ದನ್ನೆಲ್ಲ ಇಲ್ಲೇ ತಂದು ಹಾಕುತ್ತಾರೆ.

— ಸ್ಪ್ರಿಂಗ್ ಉಕ್ಕು ಒಳ್ಳೆಯದೇ. ಇಂಗಾಲ ನೂರಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬಗ್ಗಿಸಿದರೆ ಬಗ್ಗಿ ವಾಪಸು ಬರುತ್ತದೆ. ಆದರೆ ಮುರಿದ ಪಟ್ಟೆ ಬೇಡ ಮಾವ. ಆ ರಸ್ತೆಯಲ್ಲಿ ಕುಲುಕಾಡಿ ಕುಲುಕಾಡಿ ಒಳಗೆಲ್ಲ ಕೂದಲಿನಷ್ಟು ಬಿರುಕು ಬಿಟ್ಟಿರುತ್ತದೆ.

— ಅದಕ್ಕೆ ನಿನ್ನ ಕಾಲೇಜು ಬೇಕಾ? ಚಿಮಿಣಿ ಎಣ್ಣೆಯಲ್ಲಿ ರಾತ್ರಿಯಿಡೀ ಅದ್ದಿಡು, ಬೆಳಗ್ಗೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸು, ಮೇಲೆ ಸೀಮೆಸುಣ್ಣದ ಪುಡಿ ಉಜ್ಜು. ಬಿರುಕಿದ್ದ ಕಡೆ ಒಳಗಿನ ಎಣ್ಣೆ ಮೇಲೆ ಬಂದು ಗೆರೆ ಬೀಳುತ್ತದೆ. ಗೆರೆ ಬಿದ್ದದ್ದು ಗುಜರಿಗೆ.

— ಕಾಲೇಜಿನಲ್ಲೂ ಅದೇ ಪರೀಕ್ಷೆ. ಎಣ್ಣೆಗೆ ಬಣ್ಣ ಹಾಕಿ ಹತ್ತು ಪಟ್ಟು ಬೆಲೆಗೆ ಮಾರುತ್ತಾರೆ, ಅಷ್ಟೇ.

— ಬಣ್ಣಕ್ಕೂ ಬೆಲೆ ಕೊಡುವವರು ಇದ್ದಾರಲ್ಲ. ನಿನ್ನ ಗಿರಾಕಿಯ ಹಾಗೆ. ಆ ಅಲಗಿನ ಮೇಲೆ ನೀರಿನ ಅಲೆ ಬೇಕು ಅಂದನಾ?

— ಅಂದ! ನಿಮಗೆ ಹೇಗೆ ಗೊತ್ತು?

— ಎಲ್ಲರೂ ಅದನ್ನೇ ಕೇಳುತ್ತಾರೆ. ಫೋನಿನಲ್ಲಿ ಚಿತ್ರ ತಂದು ತೋರಿಸಿ, ಡಮಾಸ್ಕಸ್ ಬೇಕು ಅನ್ನುತ್ತಾರೆ. ಕಾಡು ಕಡಿಯುವ ಕತ್ತಿಗೂ ಡಮಾಸ್ಕಸ್.

— ವೈಕಿಂಗರ ಕಾಲದಲ್ಲಿ ಅದು ಶೋಕಿಗೆ ಅಂತ ಹುಟ್ಟಿದ್ದಲ್ಲ ಮಾವ. ಅವರಿಗೆ ಒಂದೇ ತುಂಡು ಒಳ್ಳೆಯ ಉಕ್ಕು ಸಿಗುವುದು ಅಪರೂಪ. ಸಿಗುತ್ತಿದ್ದದ್ದು ಸಣ್ಣ ಸಣ್ಣ ಮುದ್ದೆ, ಒಂದು ಮೆದು, ಒಂದು ಗಡಸು, ಒಂದರಲ್ಲಿ ರಂಜಕ ಹೆಚ್ಚು. ಅವನ್ನು ಸರಳು ಮಾಡಿ, ಹಗ್ಗ ಹೊಸೆದ ಹಾಗೆ ಹೊಸೆದು, ಪಕ್ಕಪಕ್ಕ ಇಟ್ಟು ಕಾಸಿ ಬೆಸೆದು ಅಲಗಿನ ನಡುಭಾಗ ಮಾಡುತ್ತಿದ್ದರು. ಎರಡೂ ಅಂಚಿಗೆ ಮಾತ್ರ ಇದ್ದ ಒಳ್ಳೆಯ ಉಕ್ಕನ್ನು ಬೆಸೆಯುತ್ತಿದ್ದರು. ಉಜ್ಜಿ ಹುಳಿ ಹಾಕಿದಾಗ ಆ ಹುರಿಯ ಗೆರೆಗಳು ಮೇಲೆ ಕಾಣುತ್ತವೆ. ಹತ್ತನೆಯ ಶತಮಾನದ ಹೊತ್ತಿಗೆ ಒಳ್ಳೆಯ ಉಕ್ಕು ಸಾಕಷ್ಟು ಬಂತು, ಹೊಸೆಯುವುದು ಕಡಿಮೆಯಾಯಿತು.

— ಅಂದರೆ ಬೇಕಾಗಿಲ್ಲದ ಮೇಲೆ ಬಿಟ್ಟರು. ಬುದ್ಧಿವಂತರು. ಈಗ ನಾವು ಬೇಕಾಗಿಲ್ಲದ ಮೇಲೆ ಶುರು ಮಾಡಬೇಕು.

— ನೀವು ಬೆಸೆದು ಕೊಡುತ್ತೀರಾ ಇಲ್ಲವಾ?

— ಒಂದು ಮೊಳದ ಕತ್ತಿಯಾದರೆ ಕೊಡುತ್ತೇನೆ. ಬಿಳಿಗಾರ ಉದುರಿಸಿ, ಕಬ್ಬಿಣ ಕಿಡಿ ಕಾರುವ ಮೊದಲು ತೆಗೆದು, ಮೆಲ್ಲ ಏಟಿನಲ್ಲಿ ಕೂರಿಸಬೇಕು. ಜೋರು ಹೊಡೆದರೆ ಬೆಸುಗೆ ಬಿಡುತ್ತದೆ. ಎಪ್ಪತ್ತೈದು ಸೆಂಟಿಮೀಟರಿನಲ್ಲಿ ಎಲ್ಲಾದರೂ ಒಂದು ಕಡೆ ಕಿಟ್ಟ ಒಳಗೆ ಕೂತರೆ ಇಡೀ ಅಲಗು ದಂಡ. ಈ ಮಳೆಯಲ್ಲಿ ಇದ್ದಿಲೂ ಸರಿಯಾಗಿ ಒಣಗುವುದಿಲ್ಲ, ಬೆಂಕಿ ಒಂದು ಕಡೆ ಉರಿದು ಒಂದು ಕಡೆ ಹೊಗೆಯಾಡುತ್ತದೆ. ಅಲಗು ಒಂದೇ ಉಕ್ಕಿನದ್ದಿರಲಿ. ಚೆಂದವೆಲ್ಲ ಹಿಡಿಗೆ.

(ಇಲ್ಲಿ ಕರೆಂಟು ಹೋಯಿತು. ಬ್ಲೋಯರ್ ನಿಂತಿತು. ಮಾವ ಹಳೆಯ ಕೈಚಕ್ರಕ್ಕೆ ಬೆಲ್ಟು ಸಿಕ್ಕಿಸಿದರು. ತಿರುಗಿಸುವ ಕೆಲಸ ಅಕ್ಕನ ಮಗಳ ಪಾಲಿಗೆ ಬಂತು.)

— ಒಂದು ಹೆಸರು ಕೆತ್ತಿಸಬೇಕು ಅಂತಲೂ ಇದೆ ಅವನಿಗೆ. ಉಲ್ಫ್‌ಬರ್ಟ್ ಅಂತ.

— ಯಾರವನು?

— ಯಾರಿಗೂ ಗೊತ್ತಿಲ್ಲ. ಮನುಷ್ಯನೋ, ಮನೆತನವೋ, ಮಠವೋ. ಆ ಹೆಸರಿರುವ ನೂರೆಪ್ಪತ್ತರಷ್ಟು ಖಡ್ಗಗಳು ಯುರೋಪಿನುದ್ದಕ್ಕೂ ಸಿಕ್ಕಿವೆ, ಒಂಬತ್ತರಿಂದ ಹನ್ನೊಂದನೆಯ ಶತಮಾನದವರೆಗಿನವು. ಒಬ್ಬನೇ ಅಷ್ಟು ಕಾಲ ಬದುಕಿರಲು ಸಾಧ್ಯವಿಲ್ಲ. ಅಲಗಿಗೆ ಗೀರು ಹಾಕಿ ಕಬ್ಬಿಣದ ತಂತಿಯನ್ನು ಕಾಸಿ ತಟ್ಟಿ ಅಕ್ಷರ ಕೂರಿಸಿದ್ದಾರೆ. ಕೆಲವದರಲ್ಲಿ ಕಾಗುಣಿತವೇ ತಪ್ಪು.

— ನಕಲಿ ಮಾಲು.

— ಇರಬಹುದು. ಅಲನ್ ವಿಲಿಯಮ್ಸ್ ಅನ್ನುವ ವಿದ್ವಾಂಸರು ಅಲಗುಗಳನ್ನು ಪರೀಕ್ಷೆ ಮಾಡಿ, ಕೆಲವದರ ಉಕ್ಕು ಬಹಳ ಶುದ್ಧ, ಮೂಸೆಯಲ್ಲಿ ಕರಗಿಸಿದ್ದಿರಬೇಕು, ಪೂರ್ವದಿಂದ ವೋಲ್ಗಾ ನದಿ ದಾರಿಯಾಗಿ ಬಂದದ್ದಿರಬೇಕು ಅಂದರು. ಉಳಿದವರು ಒಪ್ಪಲಿಲ್ಲ, ಜಗಳ ಇನ್ನೂ ಇದೆ. ನನಗೆ ಅದನ್ನು ಓದಿದಾಗ ಮೊದಲು ಹೊಳೆದದ್ದು ನಮ್ಮ ಮೂಸೆ ಉಕ್ಕು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರುಗಳು ಸಿಕ್ಕಿವೆ. 1800ರಲ್ಲಿ ಬುಕನನ್ ಅನ್ನುವವನು ಮೈಸೂರು ಸೀಮೆ ತಿರುಗುವಾಗ ಕೆಲಸ ಕಣ್ಣಾರೆ ನೋಡಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ, ಬಾಯಿ ಮುಚ್ಚಿ ಮಣ್ಣು ಮೆತ್ತಿ ಕಾಯಿಸುವುದು.

— ಹಾಗಾದರೆ ವೈಕಿಂಗರ ಕೈಯಲ್ಲಿ ಚಿತ್ರದುರ್ಗದ ಉಕ್ಕು ಅನ್ನು. ನಾಳೆ ವಾಟ್ಸಾಪಿನಲ್ಲಿ ಬರುತ್ತದೆ.

— ಅನ್ನುವುದಿಲ್ಲ. ಮಧ್ಯ ಏಷ್ಯಾದಲ್ಲೂ ಪರ್ಷಿಯಾದಲ್ಲೂ ಮೂಸೆ ಉಕ್ಕು ಮಾಡುತ್ತಿದ್ದರು, ಅದೇ ಅವರಿಗೆ ಹತ್ತಿರ. ನಮ್ಮ ಉಕ್ಕು ಹೋದ ದಾರಿ ಬೇರೆ. ಹದಿನೆಂಟನೆಯ ಶತಮಾನದ ಕೊನೆಗೆ ಮುಂಬಯಿಯಿಂದ ಲಂಡನ್ನಿಗೆ ಗಟ್ಟಿಗಳನ್ನು ಕಳಿಸಿದರು, 1795ರಲ್ಲಿ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದರು. ವಿದ್ಯುತ್ತಿಗೆ ಹೆಸರಾಗುವ ಮೊದಲು ಫ್ಯಾರಡೆಯೂ ಇದರ ಹಿಂದೆ ಬಿದ್ದಿದ್ದ. ಅಲ್ಲಿನ ಕಮ್ಮಾರರಿಗೆ ಅದು ಬಗ್ಗಲೇ ಇಲ್ಲ. ಇಂಗಾಲ ನೂರಕ್ಕೆ ಒಂದೂವರೆಯ ಹತ್ತಿರ. ಅವರು ರೂಢಿಯಂತೆ ಬೆಳ್ಳಗೆ ಕಾಸಿ ಹೊಡೆದರು, ಪುಡಿಪುಡಿಯಾಯಿತು. ಕೆಂಪಿನಲ್ಲೇ ತಾಳ್ಮೆಯಿಂದ ತಟ್ಟಬೇಕಿತ್ತು.

— ಹೊಸ ಕಬ್ಬಿಣ ಎದುರಿಗೆ ಬಂದಾಗ ಹಳೇ ಕೈ ಚಾಳಿ ಬಿಡುವುದಿಲ್ಲ. ನನ್ನ ಕಥೆಯೂ ಅದೇ ಆದೀತು. ಬಾ, ಆ ಪಟ್ಟೆಯಿಂದ ಬೆರಳುದ್ದ ಒಂದು ತುಂಡು ಕತ್ತರಿಸಿದ್ದೇನೆ. ಇಕ್ಕಳ ಹಿಡಿ. ಅದರ ಸ್ವಭಾವ ಮೊದಲು ನೋಡೋಣ.

— ಬಾಗಿಲು ಹಾಕಲಾ?

— ಹಾಕು. ಬೆಳಕಿದ್ದರೆ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ. ಗಾಳಿಬೀಡಿನ ಮಳೆಗಾಲ ಇದೊಂದಕ್ಕೆ ಒಳ್ಳೆಯದು, ಹಗಲಲ್ಲೂ ಕತ್ತಲೆ. ಹ್ಞಾಂ, ತಿರುಗಿಸು. ಇನ್ನೂ ಮೆಲ್ಲಗೆ. ಗಾಳಿ ಹೆಚ್ಚಾದರೆ ತುದಿ ಮಾತ್ರ ಕಾಯುತ್ತದೆ. ಈಗ ಆ ತಂತಿಗೆ ಕಟ್ಟಿದ ಆಯಸ್ಕಾಂತ ಹತ್ತಿರ ತಾ.

— ಎಳೆಯುತ್ತಿದೆ.

— ಕಾಯಿಸು.

— ಈಗ ಇಲ್ಲ. 770 ಡಿಗ್ರಿ ದಾಟಿತು ಅಂತ ಲೆಕ್ಕ. ಇನ್ನೂ ಎಂಬತ್ತು ಡಿಗ್ರಿ ಬೇಕು.

— ನಿನಗೆ ಡಿಗ್ರಿ, ನನಗೆ ಬಣ್ಣ. ನೋಡು, ಒಳಗೆ ಒಂದು ನೆರಳು ಓಡಾಡಿದ ಹಾಗೆ ಕಾಣುತ್ತಿದೆಯಲ್ಲ? ಅದು ಪೂರ್ತಿ ಮಾಯವಾಗಿ ಒಂದೇ ಕೆಂಪಾಗಬೇಕು. ಆಯ್ತು. ಎಣ್ಣೆಗೆ! ನೇರ ಇಳಿಸು, ಅಲ್ಲಾಡಿಸಬೇಡ ಪಕ್ಕಕ್ಕೆ.

— ನೀರಲ್ಲಿ ಯಾಕೆ ಬೇಡ?

— ಜೀಪಿನ ಪಟ್ಟೆಗೆ ನೀರು ಕುಡಿಸಿದರೆ ಟಣ್ ಅಂತ ಶಬ್ದ ಕೇಳುತ್ತದೆ, ಅಷ್ಟೇ, ಬಿರುಕು ಬಿದ್ದಾಯಿತು. ಎಣ್ಣೆಯೂ ತಣ್ಣಗಿರಬಾರದು, ಬೆರಳು ಅದ್ದಿದರೆ ಸುಡಬೇಕು, ಬೊಬ್ಬೆ ಬರಬಾರದು. ತೆಗೆ. ಅರ ತಾ. ಉಜ್ಜು.

— ಜಾರುತ್ತಿದೆ. ಹಿಡಿಯುವುದೇ ಇಲ್ಲ.

— ಗಟ್ಟಿಯಾಯಿತು. ಈಗ ಗೂಟಕ್ಕೆ ಸಿಕ್ಕಿಸಿ ಸುತ್ತಿಗೆಯಲ್ಲಿ ಹೊಡೆ, ಮುರಿಯಲಿ.

— ಗಾಜಿನ ಹಾಗೆ... ಅಯ್ಯೋ, ತುಂಡು ಎಲ್ಲಿ ಹಾರಿತು?

— ಕನ್ನಡಕ ಹಾಕು ಅಂತ ಹೇಳಬೇಕಿತ್ತು. ಮುರಿದ ಕಡೆ ನೋಡು ಈಗ, ಬೆಳಕಿಗೆ ಹಿಡಿ.

— ಬೂದು ಬಣ್ಣ, ನುಣ್ಣಗೆ. ಕಾಳು ಕಾಣುವುದೇ ಇಲ್ಲ. ಹೆಚ್ಚು ಕಾದಿದ್ದರೆ ಸಕ್ಕರೆಯಂತೆ ಹೊಳೆಯುತ್ತಿತ್ತು.

— ಅಷ್ಟು ಸಾಕು. ಈ ಉಕ್ಕು ಆಗುತ್ತದೆ. ಆದರೆ ಇದೇ ಕೆಲಸ ಎಪ್ಪತ್ತೈದು ಸೆಂಟಿಮೀಟರಿಗೆ ಒಂದೇ ಸಲಕ್ಕೆ ಆಗಬೇಕಲ್ಲ, ನನ್ನ ಒಲೆಯಲ್ಲಿ ಒಂದು ಗೇಣು ಮಾತ್ರ ಸಮವಾಗಿ ಕಾಯುತ್ತದೆ. ಹಿತ್ತಲಿನಲ್ಲಿ ಉದ್ದಕ್ಕೆ ತೋಡು ತೋಡಿ, ತೂತು ಕೊರೆದ ಪೈಪು ಹಾಕಿ ಗಾಳಿ ಬಿಡಬೇಕು. ಎಣ್ಣೆಗೆ ಒಂದಾಳುದ್ದದ ಅಗಲ ಪೈಪು, ಒಂದು ಬಾಯಿ ಬೆಸುಗೆ ಹಾಕಿ ನಿಲ್ಲಿಸಬೇಕು. ತೆಗೆದ ಮೇಲೆ ಬಿಸಿ ಆರುವ ಮೊದಲು ಓರೆ ಇದ್ದರೆ ತಿದ್ದಬೇಕು, ಆ ಸಮಯ ಬಹಳ ಇಲ್ಲ. ಆರಿದ ಮೇಲೆ ತಿದ್ದಲು ಹೋದವ ಎರಡು ತುಂಡು ಎತ್ತಿಕೊಂಡು ಬರುತ್ತಾನೆ.

— ಆಮೇಲೆ ಮತ್ತೆ ಕಾಯಿಸಿ ಹದಕ್ಕೆ ತರುವುದು.

— ಕತ್ತಿಗಾದರೆ ಗೋಧಿ ಬಣ್ಣಕ್ಕೆ ನಿಲ್ಲಿಸುತ್ತೇನೆ, ಬಾಯಿ ಉಳಿಯಬೇಕು. ಉದ್ದದ ಖಡ್ಗಕ್ಕೆ?

— ನೀಲಿಗೆ ಹೋಗಬೇಕು, 300ರ ಹತ್ತಿರ. ಬಾಯಿ ಸ್ವಲ್ಪ ಬೇಗ ಹೋಗುತ್ತದೆ, ಮುರಿಯುವುದಿಲ್ಲ.

— ಗೋಡೆಯ ಮೇಲೆ ಅದು ಮುರಿಯುವುದೂ ಇಲ್ಲ, ಬಾಯಿ ಹೋಗುವುದೂ ಇಲ್ಲ. ಆದರೂ ಮಾಡೋಣ. ಹದವಿಲ್ಲದ್ದನ್ನು ಕೊಟ್ಟರೆ ಅದು ನನ್ನ ಕೈಯಿಂದ ಹೋದದ್ದು ಅಂತ ಹೇಳಲಿಕ್ಕಾಗುವುದಿಲ್ಲ.

(ಚಹಾ ಬಂತು. ಮುರಿದ ತುಂಡನ್ನು ಮಾವ ಜೇಬಿಗೆ ಹಾಕಿಕೊಂಡರು.)

— ಈಗ ಹಿಡಿಯ ವಿಷಯ ಹೇಳು.

— ಫೋನಿನಲ್ಲಿ ತೋರಿಸುತ್ತೇನೆ. 2011ರಲ್ಲಿ ನಾರ್ವೆಯ ಲಾಂಗೈಡ್ ಅನ್ನುವಲ್ಲಿ ಒಂದು ಸಮಾಧಿ ಅಗೆದಾಗ ಸಿಕ್ಕಿದ್ದು. ಒಟ್ಟು ಉದ್ದ 94 ಸೆಂಟಿಮೀಟರ್. ವೈಕಿಂಗ್ ಕಾಲದ ಕೊನೆಯದು, ಜೊತೆಗೆ ಇಂಗ್ಲೆಂಡಿನ ಎಥೆಲ್‌ರೆಡ್ ರಾಜನ ನಾಣ್ಯವೂ ಇತ್ತು. ಹಿಡಿಗೆ ಬೆಳ್ಳಿಯ ಎಳೆ ಸುತ್ತಿದ್ದಾರೆ. ಮೇಲಿನ ಗುಂಡು, ಕೆಳಗಿನ ಅಡ್ಡಪಟ್ಟಿ ಎರಡಕ್ಕೂ ಬೆಳ್ಳಿಯ ಹೊದಿಕೆ, ಅದರ ಮೇಲೆ ಚಿನ್ನದ ಚಿತ್ತಾರ, ಅಂಚಿಗೆ ತಾಮ್ರದ ಎಳೆ. ಗುಂಡಿನ ಮೇಲೆ ಶಿಲುಬೆ ಹಿಡಿದ ಒಂದು ಕೈ.

— ಅಲಗು?

— ತುಕ್ಕು ತಿಂದಿದೆ.

— ಕಬ್ಬಿಣ ಹೋಯಿತು, ಬೆಳ್ಳಿ ಉಳಿಯಿತು.

— ಬೆಳ್ಳಿಗೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ಅದರಲ್ಲಿ ದೊಡ್ಡ ಅರ್ಥ ಹುಡುಕಬೇಡಿ ಮಾವ. ಅರ್ಥ ಇರುವುದು ಬೇರೆ ಕಡೆ. ಯಾನ್ ಪೀಟರ್ಸನ್ ಅನ್ನುವವರು 1919ರಲ್ಲಿ ನಾರ್ವೆಯ ವೈಕಿಂಗ್ ಖಡ್ಗಗಳನ್ನೆಲ್ಲ ವಿಂಗಡಿಸಿ ಪುಸ್ತಕ ಬರೆದರು, ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ. ವಿಂಗಡಿಸಿದ್ದು ಅಲಗು ನೋಡಿ ಅಲ್ಲ, ಹಿಡಿ ನೋಡಿ.

— ಅಲಗು ನೋಡಿದರೆ ಏನಾಗುತ್ತಿತ್ತು?

— ವೈಕಿಂಗರದ್ದು ಅಂತ ಹೇಳಲಿಕ್ಕಾಗುತ್ತಿರಲಿಲ್ಲ! ಒಳ್ಳೆಯ ಅಲಗುಗಳಲ್ಲಿ ಬಹಳಷ್ಟು ರೈನ್ ನದಿ ಕಡೆಯಿಂದ, ಫ್ರಾಂಕರ ನಾಡಿನಿಂದ ಬಂದವು. ಅಲಗು ಮಾತ್ರ ತರಿಸಿ, ಹಿಡಿಯನ್ನು ತಮ್ಮ ಊರಿನಲ್ಲಿ, ತಮ್ಮ ಕೈಯಲ್ಲಿ, ತಮಗೆ ಬೇಕಾದ ಹಾಗೆ ಹಾಕಿಸಿಕೊಳ್ಳುತ್ತಿದ್ದರು. 864ರಲ್ಲಿ ಫ್ರಾಂಕರ ಚಾರ್ಲ್ಸ್ ದೊರೆ ಪೀಟ್ರ್ ಅನ್ನುವಲ್ಲಿ ಕಟ್ಟಳೆ ಹೊರಡಿಸಿದ, ಉತ್ತರದವರಿಗೆ ಆಯುಧ, ಕವಚ, ಕುದುರೆ ಕೊಟ್ಟವನಿಗೆ ಮರಣದಂಡನೆ ಅಂತ. ಆದರೂ ಆ ಅಲಗುಗಳು ಅಲ್ಲಿ ನೆಲದೊಳಗಿಂದ ಬರುತ್ತಲೇ ಇವೆ.

— ಮಾರುವವ ಮಾರುತ್ತಾನೆ, ಕಟ್ಟಳೆ ಯಾವ ಕಾಲದ್ದಾದರೂ. ಹಾಗಾದರೆ ಪೀಚೆಕತ್ತಿಯ ಕಥೆಯೇ ಇದು.

— ಹೇಗೆ?

— ಪೀಚೆಕತ್ತಿಯ ಅಲಗು ಯಾರು ನೋಡುತ್ತಾರೆ ಹೇಳು. ಕುಪ್ಯದ ಮೇಲೆ ಕೆಂಪು ಚೇಲೆ ಕಟ್ಟಿ ಮುಂದಕ್ಕೆ ಸಿಕ್ಕಿಸಿದರೆ ಕಾಣುವುದು ಹಿಡಿ, ಒರೆ, ಸರಪಣಿ. ಅಲಗು ಮಾಡಿಕೊಡುವವ ಒಬ್ಬ. ಬೆಳ್ಳಿ ಕೆಲಸದವ ಇನ್ನೊಬ್ಬ, ಅಕ್ಕಸಾಲಿ. ಅಲಗು ಎಲ್ಲಿಂದ ಬಂತು ಅಂತ ಕೇಳುವವರು ಯಾರೂ ಇಲ್ಲ. ಹಳೆಯದಾಗಿ ಸವೆದರೆ ಅಲಗು ಬದಲಿಸುತ್ತಾರೆ, ಹಿಡಿ ಉಳಿಸಿಕೊಳ್ಳುತ್ತಾರೆ, ಅಜ್ಜನ ಪೀಚೆಕತ್ತಿ ಅಂತಲೇ ಹೇಳುತ್ತಾರೆ. ಒಡಿಕತ್ತಿಗೆ ಒರೆಯೂ ಇಲ್ಲ, ಬೆನ್ನ ಹಿಂದೆ ಹಿತ್ತಾಳೆಯ ತೋಡಂಗಿಗೆ ಸಿಕ್ಕಿಸುವುದು, ಅಲಗು ಊರಿಗೆಲ್ಲ ಕಾಣುತ್ತದೆ. ಅದಕ್ಕೇ ಅದರಲ್ಲಿ ಚಿತ್ತಾರ ಕಡಿಮೆ, ಆಕಾರವೇ ಅದರ ಚೆಂದ. ಮಡಿಕೇರಿ ಕೋಟೆಯ ಮ್ಯೂಸಿಯಮ್ಮಿಗೆ ಹೋಗಿ ನೋಡು, ಗಾಜಿನ ಹಿಂದೆ ಆಯುಧ ಇಟ್ಟಿದ್ದಾರೆ. ಯಾರದ್ದು ಅಂತ ಹೇಳುವುದು ಬಾಯಿಯಲ್ಲ, ಹಿಡಿ.

— ಶತ್ರುವಿಗೆ ಬಾಯಿ, ನೆಂಟರಿಗೆ ಹಿಡಿ.

— ಸರಿಯಾಗಿ ಹೇಳಿದೆ. ಯುದ್ಧದಲ್ಲಿ ಎದುರಿಗಿದ್ದವ ಬೆಳ್ಳಿ ನೋಡುತ್ತಾ ನಿಲ್ಲುತ್ತಾನಾ? ಅದು ಮದುವೆ ಚಪ್ಪರದಲ್ಲಿ, ರಾಜನ ಮುಂದೆ, ಮಗನ ಕೈಗೆ ಕೊಡುವಾಗ ಬೇಕಾದದ್ದು. ನಿನ್ನ ಗಿರಾಕಿಯ ಮನೆಯಲ್ಲಿ ಅದನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ ಎಣ್ಣೆ ಹಚ್ಚುವವರು ಇದ್ದಾರಾ?

— ಕೆಲಸದವರು ಧೂಳು ಹೊಡೆಯಬಹುದು.

— ಅಲ್ಲಿಗೆ ಆಯಿತು. ಇರಲಿ, ಬೆಳ್ಳಿ ಹೇಗೆ ಕೂರಿಸುತ್ತಾರೆ ಅವರು? ಅಂಟಾ, ಬೆಸುಗೆಯಾ?

— ಎರಡೂ ಅಲ್ಲ. ಕಬ್ಬಿಣದ ಮೇಲೆ ಬಹಳ ಒತ್ತೊತ್ತಾಗಿ ಗೀರು ಹಾಕಿ, ತೆಳು ಬೆಳ್ಳಿ ತಂತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತಟ್ಟುವುದು. ಗೀರಿನ ಒರಟಿಗೆ ಬೆಳ್ಳಿ ಕಚ್ಚಿಕೊಳ್ಳುತ್ತದೆ, ತಂತಿಗಳು ಒಂದಕ್ಕೊಂದು ಸೇರಿ ತಗಡಿನಂತೆ ಆಗುತ್ತವೆ. ನಡುವೆ ತಾಮ್ರದ ತಂತಿ ಇಟ್ಟು ಕೆಂಪು ಗೆರೆ ಬರಿಸುತ್ತಿದ್ದರು.

— ಬೀದರಿನವರದ್ದೂ ತಟ್ಟಿ ಕೂರಿಸುವ ಕೆಲಸವೇ.

— ಹೌದು, ಆದರೆ ಬಿದರಿಗೆ ಎರಕದ ಸತುವು, ಸ್ವಲ್ಪ ತಾಮ್ರ ಬೆರೆಸಿದ್ದು, ಮೆದು. ಉಳಿ ಓಡುತ್ತದೆ. ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಹಚ್ಚಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಬ್ಬಿಣದಲ್ಲಿ ಹಾಗೆ ಉಳಿ ಓಡುವುದಿಲ್ಲ.

— ಅಡ್ಡಪಟ್ಟಿಗೆ ಮೆದು ಕಬ್ಬಿಣವೇ ಹಾಕೋಣ, ಸ್ಪ್ರಿಂಗ್ ಬೇಡ. ಕೆಂಪಗೆ ಕಾಸಿ ಬೂದಿಯಲ್ಲಿ ಹುಗಿದು ನಿಧಾನ ಆರಿಸಿದರೆ ಚಾಣ ಹಿಡಿಯುತ್ತದೆ. ಗೀರು ಹಾಕುವುದು ನಾನು. ಬೆಳ್ಳಿ ತಟ್ಟುವುದು ಮಡಿಕೇರಿಯ ಅಕ್ಕಸಾಲಿ. ನನ್ನ ಸುತ್ತಿಗೆ ಅಷ್ಟು ಮೆಲ್ಲ ಬೀಳುವುದಿಲ್ಲ. ಹಿಡಿಗೆ ಮರ. ಹಿಂದೆಲ್ಲ ಪೀಚೆಕತ್ತಿಗೆ ದಂತ, ಜಿಂಕೆ ಕೊಂಬು ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಹೆಸರೆತ್ತುವ ಹಾಗಿಲ್ಲ. ಬೀಟೆ ಚೂರು ಮಿಲ್ಲಿನಲ್ಲಿ ಬಿಲ್ಲು ಹಾಕಿಸಿ ತಾ. ಅಲಗಿನ ಬಾಲ ಅದರೊಳಗೆ ಕೂರಿಸಿ ಅರಗು ತುಂಬುತ್ತೇನೆ.

— ವೈಕಿಂಗರು ಬಾಲದ ತುದಿಯನ್ನು ಹಿಡಿಯ ಮೇಲಿನ ಅಡ್ಡಪಟ್ಟಿಯಿಂದ ಹೊರಗೆ ತಂದು ತಟ್ಟಿ ಕೂರಿಸುತ್ತಿದ್ದರು. ಗುಂಡನ್ನು ಅದರ ಮೇಲೆ ಬೇರೆ ಕೂರಿಸುವುದು.

— ಅದನ್ನೂ ಮಾಡುತ್ತೇನೆ, ಅರಗನ್ನೂ ತುಂಬುತ್ತೇನೆ. ಮಳೆಗಾಲದ ಥಂಡಿ ಒಳಗೆ ಹೋಗಬಾರದು. ಒರೆ ಬೇಕಂತಾ?

— ಬೇಕು. ತೆಳು ಮರದ ಎರಡು ಹಲಗೆ, ಮೇಲೆ ಚರ್ಮ, ಒಳಗೆ ಕುರಿಯ ಉಣ್ಣೆ. ಉಣ್ಣೆಯಲ್ಲಿರುವ ಜಿಡ್ಡು ಅಲಗಿಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ.

— ಅದೊಂದು ಉಪಾಯ ಚೆನ್ನಾಗಿದೆ. ನಮ್ಮವರು ಕೋವಿ ಎಣ್ಣೆ ಸುರಿದು ಸುರಿದು ಸಾಯುತ್ತಾರೆ. ಈಗ ಚಿತ್ತಾರ ಹೇಳು. ಬೆಳ್ಳಿಯಲ್ಲಿ ಏನು ಬರೆಯಬೇಕು?

— ಅವರ ಹಾವಿನ ಗಂಟು. ಒಂದರೊಳಗೊಂದು ಹೆಣೆದ ಮೃಗಗಳು. ಚಿತ್ರ ಇದೆ.

— ಅದು ಬೇಡ.

— ಯಾಕೆ?

— ಈಗ ನೀನೇ ಹೇಳಿದೆಯಲ್ಲ, ಅಲಗು ಹೊರಗಿಂದ ತರಿಸಿ ಹಿಡಿಯನ್ನು ಊರಿನಲ್ಲಿ ಹಾಕಿಸುತ್ತಿದ್ದರು ಅಂತ. ಅವರ ಪದ್ಧತಿ ಪಾಲಿಸುವುದಾದರೆ ಪೂರ್ತಿ ಪಾಲಿಸು. ಅಲಗು ಅವರದ್ದಿರಲಿ, ನೇರ, ತಗ್ಗು, ಎರಡು ಬಾಯಿ. ಹಿಡಿ ಗಾಳಿಬೀಡಿನದ್ದು. ತೋಕ್ ಪೂವಿನ ಎಸಳು ನೋಡಿದ್ದೀಯಾ, ಬೆಂಕಿ ಮೇಲೆದ್ದ ಹಾಗೆ ತಿರುಚಿಕೊಂಡಿರುತ್ತದೆ, ಬುಡ ಹಳದಿ, ತುದಿ ಕೆಂಪು. ಬೆಳ್ಳಿ, ತಾಮ್ರ ಎರಡರಲ್ಲೂ ಬರುತ್ತದೆ.

— ಹಾಗೆ ಮಾಡಿದರೆ ಗಿರಾಕಿ ಇದು ವೈಕಿಂಗ್ ಖಡ್ಗ ಅಲ್ಲ ಅನ್ನುತ್ತಾನೆ.

— ಪೀಟರ್ಸನ್ ಪುಸ್ತಕ ತೋರಿಸು.

— ಅವನು ಪುಸ್ತಕ ಓದುವವನಲ್ಲ ಮಾವ, ಸೀರಿಯಲ್ ನೋಡುವವನು. ಹಾವಿನ ಗಂಟು ಇಲ್ಲದಿದ್ದರೆ ಮುಂಗಡ ವಾಪಸು ಕೇಳುತ್ತಾನೆ.

— ಮುಂಗಡ ತೆಗೆದುಕೊಂಡಿದ್ದೀಯಾ?

— ಸ್ವಲ್ಪ.

— ಅದನ್ನು ಮೊದಲು ಹೇಳಬೇಡವಾ. ಹಾಗಾದರೆ ಅಡ್ಡಪಟ್ಟಿಯ ಮುಂದಿನ ಬದಿಗೆ ನಿನ್ನ ಹಾವು, ಹಿಂದಿನ ಬದಿಗೆ ನನ್ನ ಹೂವು. ಗೋಡೆಗೆ ಯಾವ ಬದಿ ಹಾಕುತ್ತಾನೋ ಅವನ ಇಷ್ಟ. ಗುಂಡಿನ ಮೇಲೆ ಏನೂ ಬೇಡ, ಖಾಲಿ ಇರಲಿ.

— ಎರಡೂ ಬದಿಗೆ ಬೆಳ್ಳಿ ಅಂದರೆ ಖರ್ಚು ಹೆಚ್ಚಾಗುತ್ತದಲ್ಲ?

— ಹೂವಿನ ಬದಿಯದ್ದು ನನ್ನ ಲೆಕ್ಕಕ್ಕೆ. ಅವನಿಗೆ ಬರೆಯುವಾಗ ಬೆಳ್ಳಿಯನ್ನು ತೂಕಕ್ಕೆ, ಆ ದಿನದ ರೇಟಿಗೆ ಅಂತ ಬರಿ, ಕೂಲಿ ಬೇರೆ, ತೋಡು ತೋಡಿದ್ದು ಬೇರೆ. ಅಕ್ಕಸಾಲಿಗೆ ದಸರಾ ಮುಗಿಯದೆ ಕೈ ಖಾಲಿ ಇರುವುದಿಲ್ಲ, ಹಾಗಾಗಿ ನವೆಂಬರಿಗಿಂತ ಮೊದಲು ಕೇಳಬಾರದು ಅಂತಲೂ ಹಾಕು. ಹದ ಹಾಕುವಾಗ ಅಲಗು ಒಡೆದರೆ ಎರಡನೆಯದಕ್ಕೆ ದುಡ್ಡು ಕೇಳುವುದಿಲ್ಲ, ಮೂರನೆಯದಕ್ಕೆ ಕೇಳುತ್ತೇನೆ. ಡಿ.ಸಿ. ಆಫೀಸಿನ ಕಾಗದ ಬಾರದೆ ನಾನು ಪಟ್ಟೆ ಮುಟ್ಟುವುದಿಲ್ಲ. ಬರೆದೆಯಾ? ಈಗ ಆ ಒಡಿಕತ್ತಿಗಳಲ್ಲಿ ಹಿಡಿ ಅಲ್ಲಾಡುವುದನ್ನೆಲ್ಲ ಬೇರೆ ಮಾಡಿ ಇಡು, ಸಂಜೆಯೊಳಗೆ ನಾಲ್ಕಾದರೂ ಆಗಬೇಕು.